ಕೋವಿಗೆ ಸೈಲೆನ್ಸರ್ ಹುಡುಕಬ್ಯಾಡ್ರಿ, ಕಿವಿಗೆ ಮಫ್ ತಗೊಳ್ರಿ: ಎಲೆಕ್ಟ್ರಾನಿಕ್ ಇಯರ್ ಮಫ್ ರಿವ್ಯೂ, ಜಗಳೂರು ಕಡೆಯಿಂದ

ಮೊದ್ಲೇ ಹೇಳಿಬಿಡ್ತೀನಿ, ಬೆಳೆ ಕಾಯೋಕೆ ಅಂತ ಕೋವಿ ಲೈಸೆನ್ಸ್ ಇಟ್ಕೊಂಡಿರೋ ರೈತ್ರು ಜಗಳೂರಿನೋರಾಗ್ಲಿ ಹೊಳಲ್ಕೆರೆಯೋರಾಗ್ಲಿ ಚನ್ನಗಿರಿಯೋರಾಗ್ಲಿ, ಸದ್ದು ತಡಿಯೋಕೆ ಕಿವಿ ಮೇಲೆ ಹಾಕ್ಕೊಳ್ಳೋ ಈ ಎಲೆಕ್ಟ್ರಾನಿಕ್ ಇಯರ್ ಮಫ್ ಒಂದು ಜೊತೆ ಅಲ್ಲ, ಎರಡು ಜೊತೆ ತಗೊಳ್ರಿ. ಹಾರಿಸೋರಿಗೊಂದು, ಪಕ್ಕ ಕೂರೋರಿಗೊಂದು. ಈ ಮುಂಗಾರು ಮೆಕ್ಕೆಜೋಳ ಹಾಲು ತುಂಬೋ ಹೊತ್ತಿಂದ ಮುರಿಯೋವರ್ಗೂ ನಮ್ಮ ಹೊಲದ ಮಂಚಿಗೆ ಮೇಲೆ ನಮ್ಮ ದೊಡ್ಡಪ್ಪಾರೂ ನಾನೂ ಇದನ್ನ ಹಾಕ್ಕೊಂಡೇ ಕಾವಲು ಕಾದಿರೋದು. 5ಕ್ಕೆ 4 ಸ್ಟಾರ್ ಕೊಡ್ತೀನಿ, ಒಂದು ಸ್ಟಾರ್ ಯಾಕೆ ಹಿಡ್ಕೊಂಡೆ ಅಂತ ಮುಂದೆ ಹೇಳ್ತೀನಿ. ಕಂಪನಿ ಹೆಸ್ರು ಬರೆಯಲ್ಲ, ಯಾಕಂದ್ರೆ ಈ ಮಾದರಿಯವು ಕೆಲಸ ಮಾಡೋ ರೀತಿ ಎಲ್ಲಾ ಹೆಚ್ಚುಕಮ್ಮಿ ಒಂದೇ, ಏನು ನೋಡಿ ತಗೋಬೇಕು ಅನ್ನೋದು ಗೊತ್ತಿದ್ರೆ ಸಾಕು.

ಇದನ್ನ ಇಷ್ಟು ಉದ್ದ ಬರೆಯೋಕೆ ಕಾರಣ ಐತೆ. ಕೋವಿ ಇರೋ ಮನೆ ಹುಡುಗ್ರು ಈಗ ಸಿಕ್ಕಾಗೆಲ್ಲ ಕೇಳೋದು ಒಂದೇ, ಅಣ್ಣಾ ಸೈಲೆನ್ಸರ್ ಎಲ್ಲಿ ಸಿಗ್ತತೆ, ಪರ್ಮಿಶನ್ ಹೆಂಗೆ ಮಾಡಿಸೋದು, ಡಿಸಿ ಆಫೀಸಲ್ಲಿ ಅರ್ಜಿ ಹಾಕಿದ್ರೆ ಆಗ್ತತಾ ಅಂತ. ಫೋನಲ್ಲಿ ಹೊರದೇಶದ ಬೇಟೆಗಾರ್ರ ವಿಡಿಯೋ ನೋಡಿರ್ತಾರೆ, ಅವ್ರ ರೈಫಲ್ ತುದೀಲಿ ದಪ್ಪ ಕೊಳವೆ ಇರ್ತತೆ, ಅದೇ ಸೈಲೆನ್ಸರ್, ಇದು ಕಿವಿಗೆ ಒಳ್ಳೇದು, ಸುತ್ತಮುತ್ತ ಮನೆಯೋರಿಗೂ ತೊಂದ್ರೆ ಇಲ್ಲ ಅಂತ ಅವ್ರು ಹೇಳ್ತಾರೆ. ಅವ್ರು ಹೇಳೋದು ಸುಳ್ಳೇನಲ್ಲ. ಗುಂಡು ಹಾರಿದಾಗ ನಳಿಗೆ ಬಾಯಿಂದ ಬಿಸಿ ಅನಿಲ ಭಾರೀ ಒತ್ತಡದಲ್ಲಿ ಒಂದೇ ಸಲ ಹೊರಗೆ ನುಗ್ತತೆ, ಆ ಢಮಾರ್ ಅನ್ನೋದು ಅದೇ. ಆ ಕೊಳವೆ ಒಳಗೆ ಸಾಲಾಗಿ ಅಡ್ಡ ತಟ್ಟೆಗಳು ಇರ್ತವೆ, ಅನಿಲ ಅಲ್ಲಿ ಹಿಗ್ಗಿ, ತಣ್ಣಗಾಗಿ, ನಿಧಾನಕ್ಕೆ ಹೊರಗೆ ಬರ್ತತೆ, ಅದಕ್ಕೇ ಸದ್ದು ಕಮ್ಮಿ. 160 ಡೆಸಿಬೆಲ್ ಆಸುಪಾಸಿನ ರೈಫಲ್ ಸದ್ದು ಒಂದು 20ರಿಂದ 30 ಡೆಸಿಬೆಲ್ ಇಳೀತತೆ. ಇಳಿದ ಮೇಲೂ ಅದು 130 ಡೆಸಿಬೆಲ್ ಮೇಲೇ ಉಳೀತತೆ ಅನ್ನೋದನ್ನ ಮಾತ್ರ ವಿಡಿಯೋ ನೋಡೋರು ಗಮನಿಸಲ್ಲ, ಸಿನಿಮಾದಲ್ಲಿ ತೋರಿಸೋ ಹಂಗೆ ಟುಸ್ ಅಂತ ಮುಗಿಯೋ ವಸ್ತು ಅದಲ್ಲ. ಮೇಲಾಗಿ ಗುಂಡು ಸೆಕೆಂಡಿಗೆ 340 ಮೀಟರ್‌ಗಿಂತ ಜೋರಾಗಿ, ಅಂದ್ರೆ ಶಬ್ದದ ವೇಗ ದಾಟಿ ಹೋದ್ರೆ ಗಾಳೀಲಿ ಚಟೀರ್ ಅಂತ ಬೇರೆ ಸದ್ದೇ ಹುಟ್ತತೆ, ಅದನ್ನ ಈ ಕೊಳವೆ ತಡಿಯೋಕೆ ಆಗಲ್ಲ.

ಅಲ್ಲೂ ಇದು ಅಂಗಡಿಗೆ ಹೋಗಿ ತಂದು ಸಿಕ್ಕಿಸೋ ವಸ್ತು ಅಂತ ಅನ್ಕೋಬ್ಯಾಡ್ರಿ. ಅಮೆರಿಕದ ಹಿರಾಮ್ ಪರ್ಸಿ ಮ್ಯಾಕ್ಸಿಮ್ ಅನ್ನೋರು 1909ರಲ್ಲಿ ಇದಕ್ಕೆ ಪೇಟೆಂಟ್ ತಗೊಂಡಿದ್ರು, ಮೆಶಿನ್ ಗನ್ ಮಾಡಿದ ಮ್ಯಾಕ್ಸಿಮ್ ಅವ್ರ ಮಗ. 1934ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಂದು ಒಂದೊಂದಕ್ಕೂ 200 ಡಾಲರ್ ತೆರಿಗೆ ಹಾಕಿ ರಿಜಿಸ್ಟರ್ ಮಾಡಿಸ್ಲೇಬೇಕು ಅಂತು. ಆ ತೆರಿಗೆ 2026ರ ಜನವರಿ 1ರಿಂದ ಸೊನ್ನೆ ಆಗೈತೆ, ಆದ್ರೆ ರಿಜಿಸ್ಟರ್ ಮಾಡಿಸೋದು, ಬೆರಳಚ್ಚು ಕೊಡೋದು ತಪ್ಪಿಲ್ಲ. ಇಂಗ್ಲೆಂಡಲ್ಲಿ ಜಿಂಕೆ ಹೊಡೆಯೋರು ರೈಫಲ್‌ಗೆ ಇದನ್ನ ಹಾಕ್ಬೇಕು ಅಂದ್ರೆ ಪೊಲೀಸ್ರ ಸರ್ಟಿಫಿಕೇಟಲ್ಲಿ ಬೇರೆಯಾಗಿ ಬರೆಸ್ಕೊಳ್ಳೋ ಪದ್ಧತಿ ವರ್ಷಾನುಗಟ್ಲೆಯಿಂದ ನಡೆದುಬಂದೈತೆ. ಅಲ್ಲಿ ಬೇಟೆ ಕಾನೂನುಬದ್ಧ, ಅದಕ್ಕೆ ಸೀಸನ್ ಐತೆ, ಹೊಡೆಯೋ ಜಾಗಕ್ಕೆ ಅನುಮತಿ ಐತೆ. ಆ ಲೆಕ್ಕಾನ ನಮ್ಮೂರಿಗೆ ತರೋಕೆ ಬರಲ್ಲ.

ನಮ್ಮಲ್ಲಿ ಹೆಂಗೆ ಅಂತ ತಿಳ್ಕೊಳ್ಳೋಕೆ ದಾವಣಗೆರೇಲಿ ನಾವು ತೋಟಾ ತಗೊಳ್ಳೋ ಅಂಗಡಿಗೇ ಹೋಗಿ ಕೇಳಿದೆ. ದೊಡ್ಡಪ್ಪಾರೂ ಜೊತೆಗಿದ್ರು. ಅಂಗಡಿಯೋರು ಕೂಡಿಸಿ ಚಾ ಕೊಟ್ಟು ಸಮಾಧಾನದಿಂದ ಹೇಳಿದ್ರು, "ಯಜಮಾನ್ರೆ, ಅದು ನಿಮ್ಮ ಲೈಸೆನ್ಸಲ್ಲೂ ಬರಲ್ಲ, ನನ್ನ ಲೈಸೆನ್ಸಲ್ಲೂ ಬರಲ್ಲ. ಯಾರಾದ್ರೂ ಫೋನಲ್ಲಿ ಕೊಡ್ತೀನಿ ಅಂದ್ರೆ ಅವ್ನ ನಂಬರ್ ಅಳಿಸಿಬಿಡ್ರಿ." ಆ ಅಂಗಡಿಗೆ ಬೇಕಾದ್ರೆ 5ಕ್ಕೆ 5 ಕೊಡ್ತೀನಿ. ಮಾರೋ ಆಸೆಗೆ ಏನೋ ಒಂದು ಕಬ್ಬಿಣದ ಪೈಪ್ ತೋರಿಸೋ ಜನ ಇರೋ ಕಾಲದಲ್ಲಿ ಗಿರಾಕಿಗೆ ಬ್ಯಾಡ ಅಂತ ಹೇಳೋರು ಸಿಗೋದು ಕಷ್ಟ.

ಆಮೇಲೆ ನಾನೇ ನಿಯಮ ಓದಿದೆ. 2016ರ ಆಯುಧ ನಿಯಮಗಳ ಶೆಡ್ಯೂಲಲ್ಲಿ ಕೋವಿ ಸದ್ದು ಅಥವಾ ಬೆಂಕಿ ಮಿಂಚು ಕಮ್ಮಿ ಮಾಡೋಕೆ ಮಾಡಿರೋ ಯಾವುದೇ ಸಾಮಾನನ್ನ ಮೊದಲ್ನೇ ಕೆಟಗರಿಗೆ ಸೇರಿಸವ್ರೆ, ಅಂದ್ರೆ ನಿಷೇಧಿತ ಆಯುಧ ಇರೋ ಕೆಟಗರಿಗೇ. 1962ರ ಹಳೇ ನಿಯಮದಲ್ಲೂ ಹಂಗೇ ಇತ್ತು, ಈಗಿನದ್ದೇನೂ ಹೊಸ ಕಟ್ಟುಪಾಡಲ್ಲ. ಡಿಸಿ ಸಾಹೇಬ್ರು ರೈತ್ರಿಗೆ ಕೊಡೋ ಬೆಳೆ ರಕ್ಷಣೆ ಲೈಸೆನ್ಸಿಗೂ ಇದಕ್ಕೂ ಸಂಬಂಧನೇ ಇಲ್ಲ. ಬೆಳೆ ರಕ್ಷಣೆಗೆ ಅಂತ 1959ರ ಆಯುಧ ಕಾಯ್ದೆ ಹೇಳೋದು ಮದ್ದು ತುಂಬಿ ಹೊಡಿಯೋ ನಾಡ ಬಂದೂಕು, ಅದು ಸಾಲಲ್ಲ ಅಂತ ಅಧಿಕಾರಿಗೆ ಮನವರಿಕೆ ಆದ್ರೆ ತೋಟಾ ಹಾಕೋ ನಯ ನಳಿಗೆ ಕೋವಿ. ನಮ್ಮದು ಒಂಟಿ ನಳಿಗೆ 12 ಬೋರು. ಇಂಥಾ ಕೋವೀಲಿ ಹಾರೋದು ಚರೆ, ಅಂದ್ರೆ ಸಣ್ಣ ಸಣ್ಣ ಗುಂಡು, ಆ ವಿಡಿಯೋದಲ್ಲಿ ತೋರಿಸೋ ಕೊಳವೆ ರೈಫಲ್ ಗುಂಡಿಗೆ ಮಾಡಿರೋದು, ನಮ್ಮ ನಳಿಗೆ ತುದೀಲಿ ಅದನ್ನ ತಿರುಗಿಸಿ ಹಾಕೋಕೆ ಥ್ರೆಡ್ಡೂ ಇರಲ್ಲ. ಊರಲ್ಲಿ ಲೇತ್ ಇರೋರ ಹತ್ರ ಹೋಗಿ ಏನಾದ್ರೂ ಮಾಡಿಸ್ಕೊಂಡ್ರೆ ಚರೆ ಅದರ ಒಳಗೇ ತಗುಲಿ ನಳಿಗೆ ಸೀಳಬಹುದು, ಕೈಯೋ ಕಣ್ಣೋ ಹೋಗ್ತತೆ. ಸಿಕ್ಕಿಬಿದ್ರೆ ಕೇಸು, ಜೊತೆಗೆ ಅಜ್ಜನ ಕಾಲದಿಂದ ಉಳಿಸ್ಕೊಂಡು ಬಂದ ಲೈಸೆನ್ಸೂ ರದ್ದಾಗ್ತತೆ.

ಇನ್ನೊಂದು ಮಾತು ಹೇಳ್ಬೇಕು, ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು. ಬೆಳೆ ಕಾಯೋರಿಗೆ ಸದ್ದೇ ಬೇಕಾಗಿರೋದು. ನಾವು ಕೋವಿ ಎತ್ತೋದು ಹಂದಿ ಹಿಂಡು ಹೆದರಿ ಓಡ್ಲಿ ಅಂತ, ಆ ಢಂ ಅನ್ನೋದು ಗುಡ್ಡಕ್ಕೆ ಬಡಿದು ತಿರುಗಿ ಬರ್ಬೇಕು, ಆಗ್ಲೇ ಅವು ಎರಡು ದಿನ ಆ ಬದು ದಾಟಲ್ಲ. ಸದ್ದಿಲ್ದೆ ಹೊಡೀಬೇಕು ಅಂದ್ರೆ ಅದು ಹೆದರ್ಸೋ ಕೆಲಸ ಅಲ್ಲ, ಕೊಲ್ಲೋ ಕೆಲಸ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ. ಕಾಡುಹಂದಿ 2022ರ ತಿದ್ದುಪಡಿ ಆದ್ಮೇಲೆ ಆ ಕಾಯ್ದೆಯ ಎರಡನೇ ಶೆಡ್ಯೂಲಲ್ಲಿ, ಅಂದ್ರೆ ರಕ್ಷಣೆ ಇರೋ ಪ್ರಾಣಿಗಳ ಪಟ್ಟೀಲಿ ಐತೆ. ಬೆಳೆಗೆ ಹಾವಳಿ ಜಾಸ್ತಿ ಆದ್ರೆ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ನೋ ಅವ್ರು ಅಧಿಕಾರ ಕೊಟ್ಟ ಅಧಿಕಾರಿಯೋ ಕಾರಣ ಬರೆದು ಲಿಖಿತ ಆದೇಶ ಕೊಡಬಹುದು, ಆ ಕಾಗದ ಇಲ್ದೆ ಹಂದಿ ಮೇಲೆ ಕೋವಿ ತಿರುಗಿಸೋ ಹಂಗೇ ಇಲ್ಲ. ಅದೂ ಅಲ್ದೆ ನಮ್ಮ ತಾಲ್ಲೂಕಲ್ಲಿ ರಂಗಯ್ಯನದುರ್ಗ ಐತೆ, ಕೊಂಡುಕುರಿಗೆ ಅಂತ ಮಾಡಿರೋ ಅಭಯಾರಣ್ಯ. ನಾಕು ಕೊಂಬಿನ ಆ ಪುಟ್ಟ ಪ್ರಾಣಿ ನಾಚಿಕೆ ಸ್ವಭಾವದ್ದು, ಪೊದೆ ಬಿಟ್ಟು ಹೊರಗೆ ಬರೋದೇ ಕಮ್ಮಿ. ರಾತ್ರಿ ಕೋವಿ ಸದ್ದು ಕೇಳಿದ್ರೆ ಗಾರ್ಡುಗಳು ಯಾವ ದಿಕ್ಕು ಅಂತ ನೋಡ್ಕೊಂಡು ಹೊರಡ್ತಾರೆ. ಸದ್ದೇ ಇಲ್ಲ ಅಂದ್ರೆ ಅವ್ರು ಹೋಗೋದು ಎಲ್ಲಿಗೆ? ಈ ಸಾಮಾನು ನಮ್ಮ ಕಡೆ ಕಳ್ಳಬೇಟೆ ಮಾಡೋರಿಗೆ ಬಿಟ್ರೆ ಇನ್ಯಾರಿಗೂ ಉಪಯೋಗ ಇಲ್ಲ ಅಂತ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.

ಹಂಗಂತ ಕಿವಿ ಹಾಳಾಗ್ತತೆ ಅನ್ನೋ ಮಾತು ನಿಜ ತಾನೆ? ನಿಜಾನೇ, ಅದಕ್ಕೇ ಈ ರಿವ್ಯೂ. 12 ಬೋರು ಕೋವಿ ಸದ್ದು 150 ಡೆಸಿಬೆಲ್ ದಾಟ್ತತೆ. ಒಂದೇ ಒಂದು ಏಟಿನ ಸದ್ದು 140 ಡೆಸಿಬೆಲ್ ಮೀರಿದ್ರೆ ಅಲ್ಲೇ ಕಿವಿಗೆ ಪೆಟ್ಟು ಬೀಳಬಹುದು ಅಂತ ಕಾರ್ಮಿಕರ ಆರೋಗ್ಯ ನೋಡೋ ಸಂಸ್ಥೆಗಳು ಮಿತಿ ಇಟ್ಟವ್ರೆ. ಡೆಸಿಬೆಲ್ ಲೆಕ್ಕ ಬೇರೆ ಥರ, 10 ಜಾಸ್ತಿ ಆದ್ರೆ ಶಬ್ದದ ಶಕ್ತಿ 10 ಪಟ್ಟು ಏರ್ತತೆ, ಹಂಗಾಗಿ 140ಕ್ಕೂ 150ಕ್ಕೂ ಇರೋ ಅಂತರ ಸಣ್ಣದಲ್ಲ. ಒಳಗಿವೀಲಿ ಸಣ್ಣ ಸಣ್ಣ ರೋಮದ ಕೋಶಗಳಿರ್ತವೆ, ಅವು ಗಾಳಿಗೆ ಮಲಗಿದ ಪೈರಿನ ಹಂಗೆ ಬಾಗ್ತವೆ, ಪೆಟ್ಟು ಕಮ್ಮಿ ಇದ್ರೆ ಮತ್ತೆ ಎದ್ದೇಳ್ತವೆ, ಜಾಸ್ತಿ ಆದ್ರೆ ಸತ್ತೇ ಹೋಗ್ತವೆ, ಮನುಷ್ಯರಲ್ಲಿ ಅವು ಮತ್ತೆ ಹುಟ್ಟಲ್ಲ.

ನಮ್ಮ ದೊಡ್ಡಪ್ಪಾರಿಗೆ ಆಗಿರೋದೂ ಇದೇ. ವಯಸ್ಸು ಎಪ್ಪತ್ತು ದಾಟೈತೆ, ಮೊದ್ಲಿಂದಲೂ ಹೊಲ ಕಾಯೋರು ಅವ್ರೇ, ಬರಿಗಿವೀಲೇ ಹಾರಿಸ್ಕೊಂಡು ಬಂದೋರು. ಬಲಗೈಯೋರಾದ್ರಿಂದ ಕೋವಿ ಬಲ ಭುಜಕ್ಕೆ ಕೊಡ್ತಾರೆ, ಆಗ ತಲೆ ಓರೆಯಾಗಿ ಎಡಗಿವಿ ನಳಿಗೆ ಬಾಯಿ ಕಡೆ ತಿರುಗ್ತತೆ, ಬಲಗಿವಿ ತಲೆ ಮರೇಲಿ ಉಳೀತತೆ. ಅದಕ್ಕೇ ಕೋವಿ ಹಿಡಿಯೋರಿಗೆ ಎಡಗಿವಿ ಮೊದ್ಲು ಹೋಗೋದು, ಇವ್ರಿಗೂ ಹಂಗೇ ಆಗೈತೆ. ದಾವಣಗೆರೇಲಿ ಕಿವಿ ಡಾಕ್ಟ್ರಿಗೆ ತೋರಿಸಿ ಆಡಿಯೋಗ್ರಾಮ್, ಅಂದ್ರೆ ಕಿವಿ ಎಷ್ಟು ಕೇಳ್ತತೆ ಅನ್ನೋ ಪರೀಕ್ಷೆ ಮಾಡಿಸ್ದಾಗ ಗ್ರಾಫ್ ಗೆರೆ 4000 ಹರ್ಟ್ಸ್ ಹತ್ರ ಬಂದಾಗ ಗುಂಡಿಗೆ ಬಿದ್ದಂಗೆ ಇಳಿದಿತ್ತು, ಜೋರು ಸದ್ದಿಂದ ಹಾಳಾದ ಕಿವಿಯ ಗುರುತೇ ಅದು ಅಂತ ಡಾಕ್ಟ್ರು ತೋರಿಸಿ ಹೇಳಿದ್ರು. ಮಾತು ಕೇಳ್ತತೆ, ಆದ್ರೆ ಯಾವ ಮಾತು ಅಂತ ತಿಳಿಯಲ್ಲ, ಸ ಯಾವ್ದು ತ ಯಾವ್ದು ಗೊತ್ತಾಗಲ್ಲ, ಮೊಮ್ಮಕ್ಕಳ ಸಣ್ಣ ದನಿ ಅಂತೂ ಪೂರ್ತಿ ತಪ್ಪಿಹೋಗ್ತತೆ. ರಾತ್ರಿ ಮಲಗಿದ್ರೆ ಕಿವೀಲಿ ಗುಂಯ್ ಅಂತ ನಿಲ್ಲಲ್ಲ. ಹೋದ ಕಿವಿಗೆ ಔಷಧಿ ಇಲ್ಲ, ಉಳಿದಿರೋದನ್ನ ಕಾಪಾಡ್ಕೊಳ್ರಿ ಅಂದ್ರು ಡಾಕ್ಟ್ರು. ಅದಾದ ಮೇಲೆ ಈ ಮಫ್ ತರಿಸಿದ್ದು.

ಈಗ ವಸ್ತು ಬಗ್ಗೆ. ನೋಡೋಕೆ ದೊಡ್ಡ ಹೆಡ್‌ಫೋನ್ ಥರನೇ ಐತೆ. ಎರಡೂ ಕಡೆ ಹೊರಗೆ ಮೈಕ್, ಒಳಗೆ ಸ್ಪೀಕರ್, ಮಡಚಿಟ್ರೆ ಊಟದ ಡಬ್ಬಿ ಜೊತೆ ಚೀಲದಲ್ಲಿ ಹೋಗ್ತತೆ. ಸಾದಾ ಮಫ್ ಹಾಕ್ಕೊಂಡ್ರೆ ಎಲ್ಲಾ ಸದ್ದೂ ಒಂದೇ ಸಮ ಮುಚ್ಚಿಹೋಗ್ತತೆ, ಕಾವಲಿಗೆ ಅದು ಆಗಿಬರಲ್ಲ, ಹಂದಿ ಪಕ್ಕದಲ್ಲೇ ನುಗ್ಗಿದ್ರೂ ಗೊತ್ತಾಗಲ್ಲ. ಇದು ಹಂಗಲ್ಲ, ಸಣ್ಣ ಸದ್ದನ್ನ ದೊಡ್ಡದು ಮಾಡಿ ಒಳಗೆ ಬಿಡ್ತತೆ, ಹೊರಗಿನ ಸದ್ದು 82 ಡೆಸಿಬೆಲ್ ಮುಟ್ಟಿದ ಕೂಡ್ಲೇ ಸ್ಪೀಕರ್ ತಾನಾಗೇ ಕಟ್ ಆಗ್ತತೆ, ಆಗ ಬರೀ ಮುಚ್ಚಳದ ಕೆಲಸ ಮಾಡ್ತತೆ. ನಮ್ಮದರ ರೇಟಿಂಗ್, ಅಂದ್ರೆ ಸದ್ದು ಎಷ್ಟು ತಗ್ಗಿಸ್ತತೆ ಅನ್ನೋ ಅಳತೆ, 22 ಡೆಸಿಬೆಲ್. ಬ್ಯಾಟ್ರಿ ಎಎಎ ಸೈಜಿಂದು ಎರಡು, ಊರ ಅಂಗಡೀಲೇ ಸಿಗ್ತತೆ, ಆಫ್ ಮಾಡೋದು ಮರೆತ್ರೂ 4 ಗಂಟೆ ಆದ್ಮೇಲೆ ತಾನೇ ಆಫ್ ಆಗ್ತತೆ.

ಮೊದಲ ರಾತ್ರಿ ದೊಡ್ಡಪ್ಪಾರು ಹಾಕ್ಕೊಂಡು ದನಿ ಏರಿಸಿದಾಗ ಸುಮ್ನೆ ಕೂತುಬಿಟ್ರು. ಮೆಕ್ಕೆಜೋಳದ ಗರಿ ಒಂದಕ್ಕೊಂದು ತಾಗೋದು, ಹಳ್ಳದ ಕಡೆ ಕಪ್ಪೆ, ಆಚೆ ಹೊಲದ ಕಾವಲಿನೋರು ಮಾತಾಡೋದು, ಇವೆಲ್ಲ ಅವ್ರಿಗೆ ಕೇಳಿ ಎಷ್ಟು ವರ್ಷ ಆಗಿತ್ತೋ ಏನೋ. "ಲೇ ತಮ್ಮಾ, ಮೂಲೇಲಿ ತೆನೆ ಮುರಿಯೋ ಸದ್ದು ಬಂತು ನೋಡು" ಅಂದ್ರು, ನಾನಿನ್ನೂ ನನ್ನದನ್ನ ಹಾಕ್ಕೊಂಡಿರ್ಲಿಲ್ಲ, ನನಗೆ ಬರಿಗಿವೀಲಿ ಏನೂ ಕೇಳಿಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ನಿಜವಾಗ್ಲೂ ಆ ಮೂಲೇಲಿ ಹಿಂಡು ಇತ್ತು. ನಾನೂ ಮಫ್ ಹಾಕ್ಕೊಂಡೆ, ಅವ್ರು ಮೇಲಕ್ಕೆ ಒಂದು ತೋಟಾ ಹಾರಿಸಿದ್ರು, ಎದೆಗೆ ಗುದ್ದಿದ್ದು ಗೊತ್ತಾಯ್ತು, ಕಿವಿಗೆ ಮಾತ್ರ ದೂರದ ಸದ್ದಿನಂಗೆ ದಪ್ಪ ಅಂತಷ್ಟೇ ಬಂತು. ಹಿಂಡು ಓಡೋ ಸದ್ದು ಅದರ ಹಿಂದೇನೇ ಕೇಳ್ತು, ಯಾವ ಕಡೆ ಹೋದವು ಅಂತಾನೂ ತಿಳೀತು. ಬರಿಗಿವೀಲಿ ಹಾರಿಸ್ದಾಗ ಸ್ವಲ್ಪ ಹೊತ್ತು ಏನೂ ಕೇಳಲ್ಲ, ಆ ಹೊತ್ತಲ್ಲಿ ಹಂದಿ ತಿರುಗಿ ನಿಮ್ಮ ಕಡೇನೇ ಬಂದ್ರೂ ತಿಳಿಯಲ್ಲ, ಆ ಅಪಾಯ ಇದರಿಂದ ತಪ್ತತೆ. ಕರಡಿ ಓಡಾಡೋ ಗುಡ್ಡದ ಬುಡದಲ್ಲಿ ಹೊಲ ಇರೋರಿಗೆ ಇದು ಸಣ್ಣ ಅನುಕೂಲ ಅಲ್ರಿ.

ಇನ್ನು ಒಂದು ಸ್ಟಾರ್ ಕಮ್ಮಿ ಆಗಿದ್ದು. ನಮ್ಮ ಸೆಕೆಗೆ ಇದು ಹೊಂದಲ್ಲ, ಮಳೆ ಕೈಕೊಟ್ಟು ಗಾಳಿ ನಿಂತ ರಾತ್ರೀಲಿ ಮಫ್ ಒಳಗೆ ಬೆವರು ಇಳೀತತೆ, ಆಗಾಗ ತೆಗೆದು ಒರೆಸ್ಕೊಳ್ಬೇಕು. ಗಾಳಿ ಜೋರಾದ್ರೆ ಮೈಕಿಗೆ ಬಡಿದು ಬುಸ್ ಅಂತ ಸದ್ದು ಬರ್ತತೆ, ದನಿ ಕಮ್ಮಿ ಮಾಡ್ಲೇಬೇಕು. ಸೋನೆ ಮಳೇಲಿ ಮೈಕಿಗೆ ನೀರು ಹೋಗದಂಗೆ ನೋಡ್ಕೊಳ್ಳೋದೂ ಒಂದು ಕೆಲಸ. ದೊಡ್ಡಪ್ಪಾರು ತಲೆಗೆ ರುಮಾಲು ಸುತ್ತೋರು, ರುಮಾಲಿನ ಮೇಲೆ ಮಫ್ ಹಾಕಿದ್ರೆ ಸಂದು ಉಳ್ಕೊಂಡು ಸದ್ದು ಒಳಗೆ ನುಗ್ತತೆ, ರುಮಾಲು ತೆಗೆದ್ರೇನೇ ಸರಿ ಕೂರೋದು, ಅದಕ್ಕೆ ಅವ್ರನ್ನ ಒಪ್ಸೋಕೆ ದಿನ ಹಿಡೀತು. ಕನ್ನಡಕದ ಕಡ್ಡಿಗೂ ಅದೇ ತೊಂದ್ರೆ, ತೆಳ್ಳನೆ ಕಡ್ಡಿ ಇರೋ ಕನ್ನಡಕ ಪರವಾಗಿಲ್ಲ. ಕೋವಿ ದಿಮ್ಮಿಗೆ ಕೆನ್ನೆ ಕೊಡೋವಾಗ ಮಫ್ ತಳ ತಾಗಿ ಜರುಗ್ತತೆ, ಆದ್ರಿಂದ ತಗೊಳ್ಳೋವಾಗ ಕೆಳಭಾಗ ಕತ್ತರಿಸಿದಂಗೆ ತೆಳ್ಳಗಿರೋದನ್ನ ನೋಡ್ರಿ, ಫ್ಯಾಕ್ಟ್ರೀಲಿ ಹಾಕೋ ದಪ್ಪ ಮಫ್ ಕೋವಿ ಹಿಡಿಯೋರಿಗೆ ಸರಿಹೋಗಲ್ಲ.

ಇದೆಲ್ಲದಕ್ಕಿಂತ ದೊಡ್ಡ ಮಾತು, 22 ಡೆಸಿಬೆಲ್ ಅನ್ನೋದು ಲ್ಯಾಬಲ್ಲಿ ಸರಿಯಾಗಿ ಹಾಕಿ ಅಳೆದದ್ದು, ಹೊಲದಲ್ಲಿ ಅಷ್ಟು ಸಿಗಲ್ಲ. ಅದಕ್ಕೆ ನಾವು ಒಳಗೆ ಫೋಮಿನ ಇಯರ್ ಪ್ಲಗ್ಗೂ ಹಾಕ್ತೀವಿ, ಮೆಡಿಕಲ್ ಶಾಪಲ್ಲೂ ಸೇಫ್ಟಿ ಸಾಮಾನು ಮಾರೋ ಅಂಗಡೀಲೂ ಕಮ್ಮಿ ದುಡ್ಡಿಗೆ ಸಿಗ್ತವೆ. ಎರಡೂ ಹಾಕಿದ್ರೆ ಎರಡರ ರೇಟಿಂಗ್ ಕೂಡಿಸ್ದಷ್ಟು ಬರ್ತತೆ ಅಂತ ತಿಳೀಬ್ಯಾಡ್ರಿ, ಯಾವ್ದು ಜಾಸ್ತಿನೋ ಅದರ ಮೇಲೆ ಒಂದು 5 ಡೆಸಿಬೆಲ್ ಸೇರ್ತತೆ, ಆದ್ರೂ ಕೋವಿ ಸದ್ದಿಗೆ ಆ 5 ಬೇಕು. ಮಫ್ ದನಿ ಸ್ವಲ್ಪ ಏರಿಸ್ಕೊಂಡ್ರೆ ಪ್ಲಗ್ ಇದ್ರೂ ಹಂದಿ ಸದ್ದು ಕೇಳ್ತತೆ, ದೊಡ್ಡಪ್ಪಾರಿಗೂ ಕೇಳ್ತತೆ. ಪ್ಲಗ್ ಹಾಕೋದೂ ಒಂದು ಕ್ರಮ ಐತೆ, ಸುಮ್ನೆ ತುರುಕಿದ್ರೆ ಅರ್ಧ ಹೊರಗೇ ಉಳ್ಕೊಂಡು ಏನೂ ಪ್ರಯೋಜನ ಆಗಲ್ಲ. ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿ ಮೇಲ್ಗಡೆ ಹಿಂದಕ್ಕೆ ಎಳೆದು, ಒಳಗೆ ಬಿಟ್ಟು ಅದು ಉಬ್ಬೋವರ್ಗೂ ಬೆರಳಲ್ಲಿ ಹಿಡ್ಕೊಂಡಿರ್ಬೇಕು. ಕೈ ಮಣ್ಣಾಗಿದ್ರೆ ತೊಳ್ಕೊಂಡು ಹೊಸೀರಿ.

ಪರ್ಮಿಶನ್ ವಿಚಾರ ಕೇಳೋರಿಗೆ: ಮಫ್‌ಗೂ ಪ್ಲಗ್‌ಗೂ ಯಾವ ಪರ್ಮಿಶನ್ನೂ ಬ್ಯಾಡ, ಯಾರಿಗೂ ಅರ್ಜಿ ಕೊಡೋದಿಲ್ಲ. ಪರ್ಮಿಶನ್‌ಗೆ ಓಡಾಡೋ ಶಕ್ತಿ ಇದ್ರೆ ಅದನ್ನ ಲೈಸೆನ್ಸ್ ಸರಿ ಇಟ್ಕೊಳ್ಳೋಕೆ ಹಾಕ್ರಿ. ನಮ್ಮ ಹಳೇ ಲೈಸೆನ್ಸ್ ಪುಸ್ತಕದಲ್ಲಿ ಚಿತ್ರದುರ್ಗ ಜಿಲ್ಲೆ ಸೀಲ್ ಐತೆ, 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋ ಮುಂಚೆ ಜಗಳೂರು ಅಲ್ಲೇ ಇತ್ತಲ್ಲ. ಈಗ ರಿನ್ಯೂವಲ್ 5 ವರ್ಷಕ್ಕೊಮ್ಮೆ, ಯುಐಎನ್, ಅಂದ್ರೆ ಲೈಸೆನ್ಸ್ ಇರೋರಿಗೆ ಸರ್ಕಾರ ಕೊಡೋ ಗುರುತಿನ ನಂಬರ್ ಇರ್ಲೇಬೇಕು, ಎಲೆಕ್ಷನ್ ಬಂದಾಗ ಠಾಣೇಲಿ ಕೋವಿ ಜಮಾ ಮಾಡೋ ಆದೇಶ ಬಂದ್ರೆ ರಸೀದಿ ಇಸ್ಕೊಂಡು ಜಮಾ ಮಾಡ್ಬೇಕು. ಲೈಸೆನ್ಸ್ ಯಾರ ಹೆಸ್ರಲ್ಲಿ ಐತೋ ಹಾರಿಸೋರು ಅವ್ರೇ ಆಗಿರ್ಬೇಕು, ಅದಕ್ಕೇ ನಮ್ಮಲ್ಲಿ ದೊಡ್ಡಪ್ಪಾರು ಹಾರಿಸೋದು, ನಾನು ಟಾರ್ಚ್ ಹಿಡಿಯೋದು. 2016ರ ನಿಯಮದಲ್ಲಿ ಲೈಸೆನ್ಸ್ ಇರೋರಿಗೆ 70 ವರ್ಷ ತುಂಬಿದ್ರೆ, ಇಲ್ಲಾ ಕೋವಿ ಇಟ್ಕೊಂಡು 25 ವರ್ಷ ಆಗಿದ್ರೆ, ವಾರಸುದಾರರ ಹೆಸ್ರಿಗೆ ಮಾಡಿಸ್ಕೊಡೋಕೆ ದಾರಿ ಐತೆ. ದೊಡ್ಡಪ್ಪಾರ ಮಗ, ನಮ್ಮಣ್ಣ, ಈಗ ಅದಕ್ಕೆ ಓಡಾಡ್ತಾ ಇದ್ದಾನೆ. ಆಯುಧ ಹಿಡಿಯೋ ತರಬೇತಿ ಸರ್ಟಿಫಿಕೇಟ್ ಬೇಕು, ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡಿದಾಗ ತಪ್ಪದೆ ಹೋಗ್ರಿ.

ಮಫ್ ಆರಿಸೋವಾಗ ಕಿವಿ ಸುತ್ತ ಕೂರೋ ಮೆತ್ತೆ ಬೇರೆ ಸಿಗ್ತತಾ ಅಂತ ಕೇಳಿ ತಗೊಳ್ರಿ. ಬೆವರಿಗೆ ಅದು ಗಟ್ಟಿಯಾಗಿ ಬಿರುಕು ಬಿಡ್ತತೆ, ಬಿರುಕು ಬಿಟ್ಟ ಮೇಲೆ ಸದ್ದು ತಡಿಯಲ್ಲ, ಬದಲಾಯಿಸ್ಲೇಬೇಕು. ನಮ್ಮದಕ್ಕೆ ಸಿಗ್ತತೆ ಅಂತ ಖಾತ್ರಿ ಮಾಡ್ಕೊಂಡೇ ತರಿಸಿದ್ದು, ಶೇಂಗಾ ಕಾವಲು ಶುರು ಆಗೋ ಮುಂಚೆ ಎರಡು ಜೊತೆಗೂ ಹೊಸ ಮೆತ್ತೆ ಹಾಕಿಸ್ಬೇಕು.